ಬಚ್ಚಲುಮನೆಯ ಜೇಡಮ್ಮ

ಮಳೆಗಾಲದ ಮಲೆನಾಡು ನೋಡಬೇಕು ಅನ್ನೋದು ನಮ್ಮ ಮನೆಯಲ್ಲಿ ಎಷ್ಟೋ ವರ್ಷದ ಮಾತು. ಪ್ರತಿ ಜೂನ್‌ನಲ್ಲಿ ಈ ಮಾತು ಏಳುತ್ತಿತ್ತು, ಸೆಪ್ಟೆಂಬರ್ ಹೊತ್ತಿಗೆ ತಾನಾಗಿಯೇ ಮಲಗಿಬಿಡುತ್ತಿತ್ತು. ಕಳೆದ ಆಗಸ್ಟ್‌ನಲ್ಲಿ ನಾಲ್ಕು ದಿನ ರಜೆ ಒಟ್ಟಿಗೆ ಸಿಕ್ಕಿದ್ದೇ ತಡ, ಯಜಮಾನರು, ನಾನು, ಎಂಟು ವರ್ಷದ ಮಗಳು ಮೂವರೂ ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಶಿವಮೊಗ್ಗದಲ್ಲಿ ಇಳಿದೆವು. ಅಲ್ಲಿಂದ ತೀರ್ಥಹಳ್ಳಿ, ಮುಂದೆ ಆಗುಂಬೆ ದಾರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ನಮ್ಮ ಬೆಂಗಳೂರಿನ ಮಳೆಗೆ ಏಳು ಪಟ್ಟು ಅಂದುಕೊಳ್ಳಿ.

ತಯಾರಿ ಜೋರಾಗಿಯೇ ಇತ್ತು. ರೇನ್‌ಕೋಟು, ಬೇಗ ಒಣಗುವ ಬಟ್ಟೆ, ಉಂಬಳಕ್ಕೆ ಉಪ್ಪಿನ ಪೊಟ್ಟಣ, ಸೊಳ್ಳೆಗೆ ಕ್ರೀಮು, ಜ್ವರದ ಮಾತ್ರೆ. ಜೇಡದ ವಿಚಾರ ಮಾತ್ರ ಯಾರ ತಲೆಗೂ ಬಂದಿರಲಿಲ್ಲ.

ನಾವು ಉಳಿದುಕೊಂಡಿದ್ದು ಅಡಿಕೆ ತೋಟದ ನಡುವಿನ ಹಳೇ ಹೆಂಚಿನ ಮನೆ. ಮುಂದೆ ಜಗುಲಿ, ಹಿಂದೆ ಬಚ್ಚಲುಮನೆ, ಅದರಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ಒಲೆ, ಒಲೆಯ ಮೇಲೆ ಹೊಗೆ ಹಿಡಿದು ಕಪ್ಪಾದ ಹಂಡೆ. ಮನೆಯ ಹಿರಿಯರನ್ನು ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ನಮಗೂ ಅವರು ದೊಡ್ಡಮ್ಮನೇ ಆದರು.

ಕಾಲು ತೊಳೆಯಲು ಬಚ್ಚಲಿಗೆ ಹೋದ ಮಗಳು ಅಲ್ಲಿಂದಲೇ ಕೂಗಿದಳು. "ಅಮ್ಮಾ, ಬೇಗ ಬಾ, ಇಲ್ಲಿ ನೋಡು!" ಆ ಧ್ವನಿ ನನಗೆ ಈಗಲೂ ಚೆನ್ನಾಗಿ ನೆನಪಿದೆ. ಅದರಲ್ಲಿ ಹೆದರಿಕೆ ಇರಲಿಲ್ಲ. ಆಕಾಶದಲ್ಲಿ ಗಾಳಿಪಟ ಕಂಡಾಗ ಕರೀತಾಳಲ್ಲ, ಅಂಥದೇ ಧ್ವನಿ.

ಹೋಗಿ ನೋಡಿದೆ. ಹಂಡೆಯ ಮೇಲಿನ ಗೋಡೆಯಲ್ಲಿ ನನ್ನ ಅಂಗೈಯಗಲದ ಜೇಡ. ಕಂದು ಬಣ್ಣ, ಚಪ್ಪಟೆ ಮೈ, ಕಾಲುಗಳನ್ನು ಏಡಿಯ ಹಾಗೆ ಎರಡೂ ಪಕ್ಕಕ್ಕೆ ಚಾಚಿಕೊಂಡು ಸುಮ್ಮನೆ ಅಂಟಿಕೊಂಡಿತ್ತು. ನಾನು ಕಿರುಚಿದ ಕಿರುಚಿಗೆ ತೋಟದಲ್ಲಿದ್ದ ಆಳುಗಳು ಓಡಿ ಬಂದರು. ಕೈಲಿದ್ದ ಮಗ್ ಕೆಳಗೆ ಬಿತ್ತು. ಆ ಸದ್ದಿಗೆ ಜೇಡ ಸರ್ರನೆ ಹರಿದು ತೊಲೆಯ ಸಂದಿಗೆ ಸೇರಿತು. ಅದು ಓಡಿದ ವೇಗ ನೋಡಿ ನಾನು ಇನ್ನೊಂದು ಸಲ ಕಿರುಚಿದೆ.

ಆಮೇಲೆ ಮಗಳ ಕಡೆ ತಿರುಗಿದೆ. ಅವಳು ಜೇಡವನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನೋಡ್ತಾ ನೋಡ್ತಾ ಅವಳ ತುಟಿ ನಡುಗಿತು, ಅಳು ಶುರುವಾಯಿತು.

ಆ ಸಂಜೆ ಅವಳು ಬಚ್ಚಲ ಕಡೆ ತಲೆ ಹಾಕಲಿಲ್ಲ. ಮಲಗುವ ಮುಂಚೆ ಕೇಳಿದರೆ "ಬರ್ತಿಲ್ಲ" ಅಂದಳು. ಮಧ್ಯರಾತ್ರಿ ಎರಡು ಗಂಟೆಗೆ ಹೊಟ್ಟೆ ಹಿಡಿದುಕೊಂಡು ಎದ್ದು ಕೂತಳು. ಸಂಜೆಯಿಂದ ಉಚ್ಚೆ ತಡೆದುಕೊಂಡಿದ್ದಳು. ಕರೆಂಟು ಹೋಗಿತ್ತು, ಹೊರಗೆ ಮಳೆ ಸುರಿಯುತ್ತಿತ್ತು. ಕೊನೆಗೆ ಯಜಮಾನರು ಕೊಡೆ ಹಿಡಿದರು, ನಾನು ಟಾರ್ಚ್ ಹಿಡಿದೆ, ಅಂಗಳದ ಮೂಲೆಯಲ್ಲಿ ಅವಳನ್ನು ಕೂರಿಸಿದೆವು. ಹಿಂದಿರುಗುವಾಗ ನಡುಗುತ್ತಾ ಕೇಳಿದಳು: "ಅಮ್ಮ, ನಾವು ನಾಳೆನೇ ಮನೆಗೆ ಹೋಗೋಣ್ವಾ?"

ಆಮೇಲೆ ನನಗೆ ನಿದ್ದೆ ಬರಲಿಲ್ಲ. ಯೋಚಿಸಿದೆ: ನನ್ನ ನಲವತ್ತು ವರ್ಷದಲ್ಲಿ ಒಂದೇ ಒಂದು ಜೇಡವಾದರೂ ನನಗೆ ಏನಾದರೂ ಮಾಡಿದೆಯಾ? ಇಲ್ಲ. ಮತ್ತೆ ಈ ಹೆದರಿಕೆ ಎಲ್ಲಿಂದ ಬಂತು? ಚಿಕ್ಕವಳಿದ್ದಾಗ ಅಡುಗೆಮನೆಯಲ್ಲಿ ಜಿರಲೆ ಹಾರಿದರೆ ನಮ್ಮಮ್ಮ ಪೊರಕೆ ಹಿಡಿದು ಸ್ಟೂಲ್ ಹತ್ತಿ ಕೂಗುತ್ತಿದ್ದಳು. ನಾನು ಅವಳ ಸೀರೆ ಹಿಡಿದುಕೊಂಡು ನಿಂತಿರುತ್ತಿದ್ದೆ. ಅಮ್ಮ ಕೊಟ್ಟ ಬಳೆ, ಓಲೆ ನನ್ನ ಹತ್ತಿರ ಇವೆ. ಜೊತೆಗೆ ಇದೂ ಬಂದಿದೆ ಅಂತ ಆ ರಾತ್ರಿ ಗೊತ್ತಾಯಿತು. ಮಗಳಿಗೆ ಅದನ್ನು ದಾಟಿಸಲು ನನಗೆ ಒಂದು ನಿಮಿಷವೂ ಬೇಕಾಗಿರಲಿಲ್ಲ.

ಬೆಳಿಗ್ಗೆ ದೊಡ್ಡಮ್ಮ ಒಲೆ ಮುಂದೆ ಕಡುಬು ಬೇಯಿಸುತ್ತಾ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕರು. "ಅಲ್ಲ ಮಾರಾಯ್ತಿ, ಕಾಳಿಂಗ ಸರ್ಪ ನೋಡ್ಬೇಕು ಅಂತ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಇಲ್ಲಿ ಜೇಡ ಕಂಡ್ರೆ ಓಡ್ತಾರೆ! ಅದೆಂತ ಮಾಡ್ತದೆ? ಅದಿದ್ರೆ ಜಿರಲೆ ಇರೂದಿಲ್ಲ. ಜಿರಲೆ ಬೇಕಾ, ಜೇಡ ಬೇಕಾ, ನೀನೇ ಹೇಳು."

ಜಿರಲೆ ಅಂದ ಕೂಡಲೇ ನಾನು ಜೇಡದ ಪಕ್ಷ ಸೇರಿದೆ.

ದೊಡ್ಡಮ್ಮನ ಮೊಮ್ಮಗ ಪ್ರಾಣಿಶಾಸ್ತ್ರ ಓದುತ್ತಿರುವ ಹುಡುಗ, ರಜೆಗೆ ಬಂದಿದ್ದ. ಇದನ್ನು ಹಂಟ್ಸ್‌ಮನ್ ಅಂತಾರೆ, ಬೇಟೆಗಾರ ಜೇಡ ಅಂದ. ಮೈ ಎರಡೂವರೆ ಸೆಂಟಿಮೀಟರ್ ಇದ್ದರೆ ಹೆಚ್ಚು, ಕಾಲು ಚಾಚಿದಾಗ ಹತ್ತು ಹನ್ನೆರಡು ಸೆಂಟಿಮೀಟರ್ ಆಗುತ್ತದೆ. ಇದು ಬಲೆ ಹೆಣೆದು ಕಾಯುವುದಿಲ್ಲ, ರಾತ್ರಿ ಓಡಾಡಿ ಜಿರಲೆಯಂಥ ಹುಳಗಳನ್ನು ಹಿಡಿಯುತ್ತದೆ. ಅದಕ್ಕೇ ಆ ವೇಗ. ಮೈ ಚಪ್ಪಟೆಯಾಗಿರುವುದರಿಂದ ಎಂಥ ಸಂದಿಗೂ ನುಗ್ಗಬಲ್ಲದು. "ಆಂಟಿ, ಕೈಲಿ ಹಿಡಿದು ಒತ್ತಿದ್ರೆ ಕಚ್ಚಬಹುದು. ನೋವಾಗುತ್ತೆ, ಸ್ವಲ್ಪ ಊದುತ್ತೆ. ಅದಕ್ಕಿಂತ ಹೆಚ್ಚಿಗೆ ಏನೂ ಆಗಲ್ಲ. ನೀವಾಗಿ ಹಿಡಿಯೋಕೆ ಹೋಗದಿದ್ರೆ ಅದು ನಿಮ್ಮಿಂದ ದೂರ ಓಡೋದೇ ನೋಡುತ್ತೆ" ಅಂದ. ಮಗಳು ಕಡುಬು ತಿನ್ನೋದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

ಅವತ್ತು ಮಳೆ ಬಿಟ್ಟ ಹೊತ್ತಿನಲ್ಲಿ ಅವನೇ ನಮ್ಮನ್ನು ತೋಟಕ್ಕೆ ಕರೆದೊಯ್ದ. ಎರಡು ಅಡಿಕೆ ಮರಗಳ ನಡುವೆ ಆಳೆತ್ತರದ ಬಲೆ. ಮೋಡ ಸರಿದು ಎಳೆಬಿಸಿಲು ಬಿದ್ದಾಗ ಅದರ ನೂಲು ನಿಜವಾಗಿಯೂ ಚಿನ್ನದ ಬಣ್ಣಕ್ಕೆ ಹೊಳೆಯಿತು. ನಡುವೆ ತಲೆಕೆಳಗಾಗಿ ನಿಂತಿದ್ದು ನೆಫಿಲಾ ಜಾತಿಯ ದೊಡ್ಡ ಜೇಡ, ಕಪ್ಪು ಮೈಗೆ ಹಳದಿ ಗೆರೆ. ಕಾಲು ಸೇರಿಸಿದರೆ ಬಚ್ಚಲುಮನೆಯದಕ್ಕಿಂತಲೂ ದೊಡ್ಡದು. ಅದೇ ಬಲೆಯ ಮೇಲ್ಗಡೆ ಭತ್ತದ ಕಾಳಿನಷ್ಟು ಇನ್ನೊಂದು ಜೇಡ. "ಅದರ ಮರಿನಾ?" ಅಂತ ಮಗಳು ಕೇಳಿದಳು. "ಅಲ್ಲ, ಅದರ ಗಂಡ" ಅಂದ ಹುಡುಗ. ಅವಳು ಅಪ್ಪನನ್ನೂ ನನ್ನನ್ನೂ ಒಮ್ಮೆ ನೋಡಿ ಜೋರಾಗಿ ನಕ್ಕಳು. ಹಿಂದಿನ ದಿನದಿಂದ ಅದೇ ಅವಳ ಮೊದಲ ನಗು.

ಸಂಜೆ ಜಗುಲಿಯ ಒಂದೇ ಬಲ್ಬಿಗೆ ಊರಿನ ಹುಳವೆಲ್ಲ ಬಂದಂತೆ ಕಂಡಿತು. ಜೀರುಂಡೆ, ಕೊಂಬಿನ ದುಂಬಿ, ಹಸಿರು ಮಿಡತೆ, ಹೆಸರೇ ಗೊತ್ತಿಲ್ಲದ ನೂರು ಬಗೆ. ಒಳಕ್ಕೆ ಓಡಬೇಕು ಅನ್ನಿಸಿತು, ಆದರೆ ಕೂತೆ. ಹುಳ ಬೆಳಕಿಗೆ ಆಸೆಪಟ್ಟು ಬರುತ್ತೆ ಅಂತ ನಾವು ತಿಳಿದಿದ್ದೇವೆ. ಆದರೆ 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಬೇರೆಯೇ ಹೇಳುತ್ತದೆ. ಹಾರುವ ಹುಳ ಬೆಳಕು ಇರುವ ಕಡೆಗೆ ಬೆನ್ನು ಮಾಡಿ ಹಾರುತ್ತದಂತೆ. ಸಹಜವಾಗಿ ಬೆಳಕು ಇರುವುದು ಆಕಾಶದಲ್ಲಿ, ಹಾಗಾಗಿ ಮೇಲು ಕೆಳಗು ತಿಳಿಯಲು ಅದಕ್ಕೆ ಅಷ್ಟು ಸಾಕು. ಪಕ್ಕದಲ್ಲಿ ಬಲ್ಬು ಉರಿದರೆ ದಿಕ್ಕು ಕೆಟ್ಟು ಸುತ್ತುತ್ತಲೇ ಇರುತ್ತದೆ. ಅಂದರೆ ನಮ್ಮನ್ನು ಹೆದರಿಸಲು ಬರುವುದಿರಲಿ, ಪಾಪ ಅವು ದಾರಿ ತಪ್ಪಿದವು.

ಅಷ್ಟರಲ್ಲಿ ಕಂಬದ ಮೇಲೆ ಊಟದ ತಟ್ಟೆಯಗಲದ ಪತಂಗ ಬಂದು ಕೂತಿತು. ಅಟ್ಲಾಸ್ ಪತಂಗ. ರೆಕ್ಕೆಯ ತುದಿ ಹಾವಿನ ಹೆಡೆಯ ಹಾಗೆ. ಅದಕ್ಕೆ ತಿನ್ನಲು ಬಾಯೇ ಇಲ್ಲ, ಹುಳುವಾಗಿದ್ದಾಗ ತಿಂದಿದ್ದರಲ್ಲೇ ಕೆಲವು ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ ಅಂತ ಹುಡುಗ ಹೇಳಿದ. ಮಗಳು ಎದ್ದು ಹತ್ತಿರ ಹೋದಳು. ಕಿರುಚು ನನ್ನ ಗಂಟಲವರೆಗೆ ಬಂದಿತ್ತು. ನುಂಗಿಕೊಂಡು "ಎಷ್ಟು ಚೆಂದ ಇದೆ ಅಲ್ವಾ" ಅಂದೆ. ನನ್ನ ಧ್ವನಿ ನಡುಗಿದ್ದು ಅವಳಿಗೆ ತಿಳಿಯಿತೇನೋ, ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡಳು.

ಬಚ್ಚಲಿಗೆ ನಾವು ಮೆಟ್ಟಿಲು ಮೆಟ್ಟಿಲಾಗಿ ಹೋದೆವು. ಮೊದಲು ದೂರದಿಂದ ಬಾಗಿಲು ತಟ್ಟೋದು. ಆಮೇಲೆ ಟಾರ್ಚ್ ಹಾಕಿ ಅದು ಎಲ್ಲಿದೆ ಅಂತ ಹುಡುಕೋದು. ಎಲ್ಲಿದೆ ಅಂತ ಗೊತ್ತಾದರೆ ಅರ್ಧ ಹೆದರಿಕೆ ಕಡಿಮೆ, ಇದು ನಾನು ಕಂಡುಕೊಂಡ ಸತ್ಯ. ಎರಡನೇ ಸಲ ಹಾಗೆ ನೋಡುವಾಗ ಮಗಳೇ ಹೇಳಿದಳು: "ಅಮ್ಮ, ಅದರ ಹೊಟ್ಟೆ ಕೆಳಗೆ ಬಿಳಿ ಬಿಲ್ಲೆ ಥರ ಏನೋ ಇದೆ." ಹುಡುಗನನ್ನು ಕರೆದು ಕೇಳಿದೆವು. ಮೊಟ್ಟೆಯ ಚೀಲವಂತೆ. ಅದರೊಳಗೆ ನೂರಾರು ಮೊಟ್ಟೆ, ತಾಯಿ ಅದನ್ನು ಕೆಳಗಿಡದೆ ಹೊಟ್ಟೆಗೆ ಒತ್ತಿಕೊಂಡೇ ತಿರುಗುತ್ತಾಳೆ. ಆವತ್ತಿನಿಂದ ಅದು ಜೇಡ ಅಲ್ಲ, ಜೇಡಮ್ಮ. ಮಗ್‌ನಿಂದ ಮುಚ್ಚಿ ಹೊರಗೆ ಬಿಡೋಣ ಅಂತ ಯಜಮಾನರು ಸಿದ್ಧರಾಗಿದ್ದರು. "ಬೇಡಪ್ಪ, ಮಳೇಲಿ ಎಲ್ಲಿಗೆ ಹೋಗುತ್ತೆ?" ಅಂತ ಮಗಳೇ ತಡೆದಳು.

ಹಾಗಂತ ಎಲ್ಲ ಹುಳವೂ ಪಾಪದ್ದು ಅಂತ ನಾನು ಹೇಳುತ್ತಿಲ್ಲ. ಮಲೆನಾಡಿಗೆ ಹೊರಟವರಿಗೆ ದೊಡ್ಡಮ್ಮ ಹೇಳಿಕೊಟ್ಟ ನಾಲ್ಕು ಮಾತು ತಿಳಿಸಿಬಿಡುತ್ತೇನೆ. ಶೂ, ಚಪ್ಪಲಿ, ಒಣಗಹಾಕಿದ ಬಟ್ಟೆ, ಟವೆಲು ಯಾವುದನ್ನೂ ಕೊಡವದೆ ಹಾಕಿಕೊಳ್ಳಬೇಡಿ. ಕಟ್ಟಿಗೆ ರಾಶಿಗೆ, ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಮಲಗುವ ಮುಂಚೆ ಹಾಸಿಗೆ ಒಮ್ಮೆ ಕೊಡವಿ, ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಕತ್ತಲಾದ ಮೇಲೆ ಕೋಣೆಯ ಕಿಟಕಿ ಮುಚ್ಚಿ, ಬೇಡವಾದ ದೀಪ ಆರಿಸಿ. ಜರಿ ಕಚ್ಚಿದರೆ ಬಹಳ ಉರಿಯುತ್ತದೆ. ಚೇಳಿನಲ್ಲಿ ದಪ್ಪ ಕೈಯ ದೊಡ್ಡ ಕರಿಚೇಳು ನೋಡಲು ಭಯಂಕರ, ಆದರೆ ಜೀವಕ್ಕೆ ಅಪಾಯ ಹೆಚ್ಚಿರುವುದು ಸಣಕಲು ಕೈಯ ಸಣ್ಣ ಕೆಂಚೇಳಿನಿಂದ. ಕೊಂಕಣದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಕೆಂಚೇಳು ಕುಟುಕಿದವರಿಗೆ ಪ್ರಜೋಸಿನ್ ಎಂಬ ರಕ್ತದೊತ್ತಡದ ಔಷಧಿ ಕೊಟ್ಟು ಎಷ್ಟೋ ಜೀವ ಉಳಿಸಿದವರು. ಆದರೆ ಅದು ವೈದ್ಯರೇ ಕೊಡಬೇಕಾದ ಮದ್ದು. ಮಕ್ಕಳಿಗೆ ಚೇಳು ಕುಟುಕಿದರೆ ಮನೆಮದ್ದು ಹುಡುಕದೆ ನೇರ ಆಸ್ಪತ್ರೆಗೆ ಹೋಗಿ.

ಇನ್ನೊಂದು. ಬೆಳಿಗ್ಗೆ ಎದ್ದಾಗ ಕತ್ತಿನ ಮೇಲೆ ಉದ್ದಕ್ಕೆ ಕೆಂಪಾಗಿ ಗುಳ್ಳೆ ಎದ್ದರೆ "ಜೇಡ ಹರಿದಾಡಿದೆ" ಅನ್ನುತ್ತೇವಲ್ಲ, ಎಷ್ಟೋ ಸಲ ಅದು ಜೇಡದ ಕೆಲಸವೇ ಅಲ್ಲ. ಕಿತ್ತಳೆ ಕಪ್ಪು ಪಟ್ಟೆಯ, ಇರುವೆಯಂತೆ ಕಾಣುವ ಪೆಡೇರಸ್ ಎಂಬ ಪುಟ್ಟ ದುಂಬಿ ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ನಾವು ಹೊಡೆದು ಮೈಮೇಲೆ ಅರೆದಾಗ ಅದರ ರಸ ತಾಗಿ ಗುಳ್ಳೆ ಏಳುತ್ತದೆ. ಕೂತರೆ ಊದಿ ಹಾರಿಸಿ, ತಾಗಿದ್ದರೆ ಸೋಪು ಹಾಕಿ ತೊಳೆಯಿರಿ. ಹೊಡೆಯುವ ಕೈಯನ್ನು ಒಂದು ಕ್ಷಣ ತಡೆದರೆ ಎಷ್ಟೋ ಉಳಿಯುತ್ತದೆ.

ಮಧ್ಯಾಹ್ನದ ಊಟಕ್ಕೆ ದೊಡ್ಡಮ್ಮ ಚಗಳಿ ಚಟ್ನಿ ಮಾಡಿದ್ದರು. ಚಗಳಿ ಅಂದರೆ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ. ಯಜಮಾನರು ಎರಡು ಸಲ ಬಡಿಸಿಕೊಂಡರು, ಮಗಳು ನಾಲಗೆಗೆ ತಾಗಿಸಿ "ಹುಳಿ ಹುಳಿ" ಅಂದಳು. ನಾನು ಕೈಮುಗಿದೆ. ಎಲ್ಲವನ್ನೂ ಒಂದೇ ಪ್ರವಾಸದಲ್ಲಿ ಗೆಲ್ಲಬೇಕು ಅಂತೇನಿಲ್ಲವಲ್ಲ.

ಕೊನೆಯ ರಾತ್ರಿ. ಮತ್ತೆ ಕರೆಂಟಿಲ್ಲ, ಮತ್ತೆ ಮಳೆ. ಮಗಳು ನನ್ನನ್ನು ಎಬ್ಬಿಸಿದಳು. ಟಾರ್ಚ್ ತೆಗೆದುಕೊಂಡು ಬಚ್ಚಲಿನ ತನಕ ಹೋದೆವು. ಅವಳೇ ಬಾಗಿಲು ತಟ್ಟಿದಳು. "ಜೇಡಮ್ಮಾ, ನಾನು ಬರ್ತಿದೀನಿ" ಅಂದು, ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು ಒಳಗೆ ಹೋದಳು. ನಾನು ಕತ್ತಲಲ್ಲಿ ಹೊರಗೆ ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಬಿಗಿಹಿಡಿದಿದ್ದೆ.

ಹೊರಬಂದು ಟಾರ್ಚನ್ನು ನನ್ನ ಕೈಗಿಟ್ಟಳು. "ನೀನೂ ಹೋಗ್ಬಾ ಅಮ್ಮ. ಅದು ಕಿಟಕಿ ಹತ್ರ ಇದೆ, ಏನೂ ಮಾಡಲ್ಲ. ಬೇಕಾದ್ರೆ ನಾನು ಇಲ್ಲೇ ನಿಂತಿರ್ತೀನಿ."

ಹೋದೆ. ಕಿಟಕಿಯ ಕಡೆಗೇ ನೋಡುತ್ತಾ, ಬಹಳ ಬೇಗ ಬಂದುಬಿಟ್ಟೆ. ಆದರೆ ಕಿರುಚಲಿಲ್ಲ.