ಗುಂಡಿ ತಪ್ಪಿದ ಅಂಗಿ

ಸೋಮವಾರ. ಒಂದೇ ಚೂರು, ಎರಡು ಪರಿಣಾಮ. ತಲೆಗೆ ಹೋಗುತ್ತಿಲ್ಲ.

ಗುಡ್‌ಪಾಶ್ಚರ್ ಕಾಯಿಲೆ: ದೇಹ ತನ್ನದೇ ಮೂತ್ರಪಿಂಡ, ಶ್ವಾಸಕೋಶಗಳ ಮೇಲೆ ತಿರುಗಿಬೀಳುವ ಅಪರೂಪದ ರೋಗ. ಕೆಣಕುವುದು ನಮ್ಮದೇ ಕೊಲಾಜನ್ನಿನ 11 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್. ಅಂಗಾಂಗ ಕಸಿಗೆ ಮುಂಚೆ ಹೊಂದಿಸಿ ನೋಡುತ್ತಾರಲ್ಲ, ಆ ಎಚ್‌ಎಲ್‌ಎ ಅಣುಗಳೇ ಇದನ್ನು ತಮ್ಮ ತೋಡಿನಲ್ಲಿಟ್ಟು ರೋಗನಿರೋಧಕ ಟಿ ಕೋಶಗಳಿಗೆ ತೋರಿಸುವುದು. ಅವುಗಳಲ್ಲಿ ಡಿಆರ್15 ಎಂಬ ಬಗೆ ತೋರಿಸಿದರೆ ದಾಳಿಕೋರ ಕೋಶಗಳು ಏಳುತ್ತವೆ. ಡಿಆರ್1 ಎಂಬ ಬಗೆ ತೋರಿಸಿದರೆ ಹೆಚ್ಚಾಗಿ ಟಿ-ರೆಗ್‌ಗಳು, ಅಂದರೆ ದಾಳಿಯನ್ನು ಅದುಮುವ ಕೋಶಗಳು. 2017ರಲ್ಲಿ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಕಂಡದ್ದು. ಎರಡು ತೋಡುಗಳಲ್ಲಿ ಪೆಪ್ಟೈಡ್ ಒಂದೇ ರೀತಿ ಕೂರುವುದಿಲ್ಲ, ತುಸು ಸರಿದಿರುತ್ತದೆ. ಗುಂಡಿ ಬೇರೆ ಕಾಜಕ್ಕೆ ಹೋದ ಅಂಗಿ. ಬಟ್ಟೆ ಅದೇ, ಎದುರಿಗೆ ನಿಂತವನಿಗೆ ಕಾಣುವುದು ಬೇರೆ.

ಕಾಣುವುದು ಬೇರೆ, ಒಪ್ಪಿದೆ. ಆದರೆ ಅದು ‘ಸುಮ್ಮನಿರಿಸು’ ಎಂದೇ ಏಕೆ ಅರ್ಥವಾಗಬೇಕು?

ಬುಧವಾರ. 2015ರ ಒಂದು ಚಿತ್ರ ಪ್ರಿಂಟ್ ತೆಗೆದೆ. ಕೆಳಗೆ ಡಿಆರ್4 ಎಂಬ ಇನ್ನೊಂದು ಎಚ್‌ಎಲ್‌ಎ, ಅದರ ತೋಡಿನಲ್ಲಿ ಪ್ರೊಇನ್ಸುಲಿನ್ ಚೂರು, ಮೇಲೆ ಟಿ-ರೆಗ್‌ನಿಂದ ತೆಗೆದ ಗ್ರಾಹಕ, ಅಂದರೆ ಕೋಶ ಪೆಪ್ಟೈಡನ್ನು ಗುರುತಿಸುವ ಅಣು. ಅದುವರೆಗಿನ ಎಲ್ಲ ಚಿತ್ರಗಳಿಗಿಂತ 180 ಡಿಗ್ರಿ ತಿರುಗಿ ಕೂತಿದೆ! ಹಾಳೆ ತಿರುಗಿಸಿದರೆ ಎರಡೂ ಒಟ್ಟಿಗೆ ತಿರುಗುತ್ತವೆ, ಏನುಪಯೋಗ. ಕತ್ತರಿ ತಂದು ಮೇಲಿನರ್ಧ ಕತ್ತರಿಸಿ, ಎಡಬಲ ಮಗುಚಿ ಬೆಳಕಿಗೆ ಹಿಡಿದೆ. ಆಗ ಹಳೆಯ ಚಿತ್ರಗಳ ಹಾಗೆ ಕಂಡಿತು. ತಮಾಷೆಯೆಂದರೆ, ಉಲ್ಟಾ ಕೂತರೂ ಸಂಕೇತ ಕೋಶದೊಳಕ್ಕೆ ಹೋಗುತ್ತದೆ. ಅದುಮುವ ಗುಟ್ಟು ಈ ಉಲ್ಟಾತನದಲ್ಲೇ ಇದೆಯೆನ್ನಲು ಬಾಯಿ ತುರಿಸುತ್ತದೆ. ಆದರೆ ಅವರು ನೋಡಿದ್ದು ಎರಡೇ ಗ್ರಾಹಕಗಳು.

ದುಡುಕಿದವರ ಕಥೆ ಗೊತ್ತಿದೆ. 1970ರ ದಶಕದಲ್ಲಿ ಇಲಿಯ ಹೊಂದಾಣಿಕೆ ಜೀನ್‌ಗಳ (ನಮ್ಮ ಎಚ್‌ಎಲ್‌ಎಯಂಥವು) ನಡುವೆ ‘ಐ-ಜೆ’ ಎಂಬುದನ್ನು ಗುರುತಿಸಿ, ಅದುಮುವ ಕೋಶಗಳ ಚಹರೆ ಅದೇ ಎಂದರು. 80ರ ದಶಕದ ಆರಂಭದಲ್ಲಿ ಡಿಎನ್‌ಎ ನೋಡಿದರೆ ಅಲ್ಲಿ ಅಂಥ ಜೀನಿಗೆ ಜಾಗವೇ ಇಲ್ಲ. ಆಮೇಲೆ ಆ ಕೋಶಗಳ ಹೆಸರೆತ್ತಲೂ ಜನ ಹಿಂಜರಿದರು. 1995ರಲ್ಲಿ ಜಪಾನಿನ ವಿಜ್ಞಾನಿ ಸಕಾಗುಚಿ, ಕೋಶದ ಮೇಲಿನ ಸಿಡಿ25 ಎಂಬ ಪ್ರೋಟೀನಿನ ಗುರುತಿನೊಂದಿಗೆ ಅವನ್ನು ಮರಳಿ ತಂದರು.

ಶನಿವಾರ. ಇನ್ನೊಂದು ವಿಚಿತ್ರ. ಪ್ರಯೋಗಾಲಯದ ತಟ್ಟೆಯಲ್ಲಿ ಟಿ-ರೆಗ್ ಎಚ್ಚರಗೊಳ್ಳಲು ತನ್ನದೇ ಪೆಪ್ಟೈಡ್ ಬೇಕು. ಎಚ್ಚರಗೊಂಡ ಮೇಲೆ ಪಕ್ಕದ ಕೋಶ ಬೇರೇನನ್ನು ಗುರುತಿಸಿದ್ದರೂ ಅದುಮುತ್ತದೆ. ಮೊನಾಶ್‌ನವರ ಪ್ರಯೋಗದಲ್ಲಿ ಡಿಆರ್15, ಡಿಆರ್1 ಎರಡೂ ಇದ್ದ ಇಲಿಗಳಿಗೆ ಗುಡ್‌ಪಾಶ್ಚರ್ ಬರಲಿಲ್ಲ. ಡಿಆರ್1 ಓದಿಕೊಂಡ ಕೋಶಗಳು ಡಿಆರ್15 ಓದಿಕೊಂಡವುಗಳ ಪಕ್ಕ ಬಂದು ನಿಂತದ್ದೇ ಸಾಕಾಯಿತೆ?