ಅಪ್ಪ ಕರ್ಣನಾದ ರಾತ್ರಿ

ಮಕ್ಕಳೇ, ನಿಮ್ಮ ಊರಿನಲ್ಲಿ ಪೌರಾಣಿಕ ನಾಟಕ ಆಡುವುದನ್ನು ನೀವು ನೋಡಿರಬಹುದು. ಬಣ್ಣ ಹಚ್ಚಿ, ಕಿರೀಟ ತೊಟ್ಟು, ಬೆಳಗಿನವರೆಗೆ ಹಾಡುವ ಆ ನಟರಿಗೆ ಸಂಬಳ ಎಷ್ಟೆಂದು ಎಂದಾದರೂ ಕೇಳಿದ್ದೀರಾ? ನಮ್ಮ ಕಡೆಯ ಹಳ್ಳಿಗಳಲ್ಲಿ ಅವರಿಗೆ ಸಂಬಳವಿಲ್ಲ. ಪಾತ್ರ ಬೇಕೆಂದವರು ತಾವೇ ಹಣ ಕೊಡಬೇಕು. ನಾಟಕದ ಮೇಷ್ಟ್ರಿಗೆ, ತಬಲಾದವರಿಗೆ, ಸೀನರಿ ಮತ್ತು ಉಡುಪಿನ ಬಾಡಿಗೆಗೆ ಆ ಹಣ ಹೋಗುತ್ತದೆ. ದೊಡ್ಡ ಪಾತ್ರಕ್ಕೆ ಹೆಚ್ಚು ಹಣ.

ಕೈಯಿಂದ ಹಣ ಹಾಕಿ ಏಕೆ ನಟಿಸುತ್ತಾರೆ? ಈ ಪ್ರಶ್ನೆ ಹುಡುಗನಾಗಿದ್ದಾಗಲೇ ನನ್ನನ್ನು ಕಾಡಿತ್ತು.

ನನ್ನದು ಮಡಕಶಿರಾ ಬಳಿಯ ಒಂದು ಹಳ್ಳಿ. ಆಗ ಅದು ಅನಂತಪುರ ಜಿಲ್ಲೆ; 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ನಮ್ಮ ಮನೆಮಾತು ಕನ್ನಡ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಕಚೇರಿಯ ಕೆಲಸವಿದ್ದರೆ ಯಾರಿಂದಲೋ ತೆಲುಗಿನಲ್ಲಿ ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ, ಬಾಗಿಲ ಬಳಿ ಕೈಕಟ್ಟಿ ನಿಲ್ಲುತ್ತಿದ್ದರು. ನಾನು ಆರನೆಯ ತರಗತಿಯಲ್ಲಿದ್ದಾಗ ಊರಿನವರು ‘ಕುರುಕ್ಷೇತ್ರ’ ಆಡಲು ನಿಶ್ಚಯಿಸಿದರು. ಅಪ್ಪ ಎರಡು ಕುರಿ ಮಾರಿ ಕರ್ಣನ ಪಾತ್ರ ಹಿಡಿದರು. ಆ ವರ್ಷ ಮಳೆಯಿಲ್ಲದೆ ಕಡಲೆಕಾಯಿ ಬೆಳೆ ಒಣಗಿತ್ತು.

“ಆ ದುಡ್ಡಲ್ಲಿ ಮನೆಗೆ ರಾಗಿ ಬರ್ತಿತ್ತು” ಎಂದಳು ಅವ್ವ. ಅಪ್ಪ ಉತ್ತರ ಕೊಡಲಿಲ್ಲ.

ರಾತ್ರಿ ಊಟವಾದ ಮೇಲೆ ಬುಡ್ಡಿದೀಪದ ಮುಂದೆ ನಾನು ಒಂದೊಂದೇ ಮಾತು ಓದುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿ ಕೇಳಿ, ಹಾಗೆಯೇ ಹೇಳುತ್ತಿದ್ದರು. ನಾನು ತಪ್ಪು ಓದಿದರೆ ಅವರು ತಪ್ಪನ್ನೇ ಕಲಿಯುವರು! ಆ ಭಯದಿಂದಲೇ ನಾನು ಒತ್ತಕ್ಷರಗಳನ್ನೂ ಮಹಾಪ್ರಾಣಗಳನ್ನೂ ಸರಿಯಾಗಿ ಉಚ್ಚರಿಸಲು ಕಲಿತೆ. ಒಂದು ದಿನ ಧೈರ್ಯ ಮಾಡಿ, “ನಿನಗೆ ಈ ನಾಟಕ ಯಾಕಪ್ಪಾ?” ಎಂದು ಕೇಳಿದೆ.

“ಹಗಲೆಲ್ಲ ಯಾರ‍್ಯಾರ ಮುಂದೆಯೋ ಕೈಕಟ್ಟಿ ನಿಲ್ತೀನಿ ಮಗಾ. ಅವತ್ತೊಂದು ರಾತ್ರಿ ಶ್ರೀಕೃಷ್ಣನೇ ನನ್ನ ಹತ್ರ ಕೇಳೋಕೆ ಬರ್ತಾನೆ” ಎಂದರು.

ನಾಟಕದ ರಾತ್ರಿ ಅವ್ವ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಕೃಷ್ಣನು ಕರ್ಣನಿಗೆ ಜನ್ಮರಹಸ್ಯ ತಿಳಿಸಿ, ರಾಜ್ಯ ಕೊಡಿಸುವೆನೆಂದು ಕರೆದನು. ಅಪ್ಪ ತಲೆಯೆತ್ತಿ, ದುರ್ಯೋಧನನ ಸ್ನೇಹ ಬಿಡಲಾರೆನೆಂದರು. ಒಂದಕ್ಷರವೂ ತಪ್ಪಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಯವರೆಗೂ ಅವಳು ಆ ಕುರಿಗಳ ಲೆಕ್ಕ ಮರೆಯಲಿಲ್ಲ. ಆ ರಾತ್ರಿಯನ್ನೂ ಮರೆಯಲಿಲ್ಲ.

ಮುಂದೆ ನಾನು ಉಪಾಧ್ಯಾಯನಾಗಿ ರಾಯದುರ್ಗಕ್ಕೆ ಬಂದೆ. 1953ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಲ್ಲಿ ಹಿರಿಯರಿಂದ ಬಳ್ಳಾರಿ ರಾಘವರ ವಿಷಯ ಕೇಳಿದೆ. ಅವರು 1880ರಲ್ಲಿ ನಮ್ಮ ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ ಜನಿಸಿದರು. ಬಳ್ಳಾರಿಯಲ್ಲಿ ಹೆಸರಾಂತ ವಕೀಲರಾಗಿದ್ದರು. ತೆಲುಗು, ಕನ್ನಡ, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ನಟಿಸಿದರು. ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದರು. 1946ರಲ್ಲಿ ತೀರಿಕೊಂಡರು. ನ್ಯಾಯಾಲಯದಲ್ಲಿ ದಿನವೂ ಮಾತನಾಡುವ ವಕೀಲರಿಗೂ ರಂಗ ಬೇಕಾಯಿತು. ಕಚೇರಿಯ ಬಾಗಿಲಲ್ಲಿ ಮಾತೇ ಹೊರಡದ ನನ್ನ ಅಪ್ಪನಿಗೂ ಬೇಕಾಯಿತು. ಹೊಟ್ಟೆಪಾಡಿಗಾಗಿ ಇಬ್ಬರೂ ನಟಿಸಲಿಲ್ಲ.

ಮಕ್ಕಳೇ, ನಿಮ್ಮ ಊರಿನಲ್ಲಿ ನಾಟಕದ ತಾಲೀಮು ನಡೆದರೆ ಹೋಗಿ ನೋಡಿ. ಈ ಪಾತ್ರವನ್ನೇ ಏಕೆ ಹಿಡಿದಿರೆಂದು ನಟರನ್ನು ಕೇಳಿ. ಅವರಲ್ಲಿ ಓದಲು ಬಾರದವರಿದ್ದರೆ, ಪುಸ್ತಕ ಹಿಡಿದು ಅವರ ಮುಂದೆ ಕುಳಿತುಕೊಳ್ಳಿ.