ಕಾಡಿನ ಕೆಲಸದ ಡೈರಿ – 4: ಯಾವ ಕತ್ತಿ ಒಯ್ಯಬೇಕು?

ಲಕ್ಕುಂಡಿಯವ ಅಂದ್ರೆ ಗುಡಿ ಫೋಟೋ ಹಾಕಿರ್ತಾನೆ ಅನ್ಕೊಂಡ್ರೇನು? ಇವತ್ತು ಗುಡಿ ಇಲ್ಲ. ಮೊದಲ ಫೋಟೋದಲ್ಲಿರೋದು ನನ್ನ ಎಡಗಾಲಿನ ಕಲೆ. ಐದು ಹೊಲಿಗೆ.

ದಾಂಡೇಲಿ ಕಡೆ ಗಿಡಗಳ ಸರ್ವೆಗೆ ಮೊದಲ ಸಲ ಹೊರಟಾಗ ಆನ್‌ಲೈನ್‌ನಲ್ಲಿ ಒಂದು ಮಚೆಟಿ ತರಿಸಿದ್ದೆ. ಒಂದೂವರೆ ಅಡಿ ಉದ್ದ, ಕನ್ನಡಿಯಂಥ ಹೊಳಪು, ನುಣುಪಾದ ಪ್ಲಾಸ್ಟಿಕ್ ಹಿಡಿಕೆ. ಮೂರನೇ ದಿನ ಮಳೆಯಲ್ಲಿ ಬಿದಿರಿಗೆ ಬೀಸಿದೆ. ಒದ್ದೆ ಕೈಯಲ್ಲಿ ಹಿಡಿಕೆ ತಿರುಗಿತು, ಅಲಗು ಬಿದಿರಿನ ಮೇಲಿಂದ ಜಾರಿ ನನ್ನ ಕಾಲಿಗೇ ಬಂತು. ರಸ್ತೆ ಮುಟ್ಟೋಕೆ ಎರಡು ತಾಸು. ಅಷ್ಟು ಹೊತ್ತೂ ನನಗೆ ಹೆಗಲು ಕೊಟ್ಟವರು ಅಲ್ಲಿಯ ಹಳ್ಳಿಯವರು. ಅವರ ಸೊಂಟದಲ್ಲಿ ಇದ್ದದ್ದು ಗಿಡ್ಡ ಕತ್ತಿ, ಮೂತಿ ಒಳಕ್ಕೆ ಬಾಗಿದ್ದು.

ಆ ಬಾಗು ಅಂದಕ್ಕಲ್ಲ. ಟೊಂಗೆ ಅದರೊಳಗೆ ಸಿಕ್ಕಿಕೊಳ್ಳುತ್ತೆ, ಜಾರೋದು ಕಮ್ಮಿ. ತೂಕ ಮುಂದಿರೋದ್ರಿಂದ ಜೋರಾಗಿ ಬೀಸೋದೂ ಬೇಡ.

ಗಾಯ ಮಾಗಿದ ಮೇಲೆ ಊರಿನ ಕಮ್ಮಾರ ಕಾಕಾನ ಹತ್ರ ಹೋದೆ.

"ಕಾಕಾ, ಕಾಡಿಗೆ ಒಯ್ಯಾಕ ಒಂದು ಕತ್ತಿ ಬೇಕಾಗಿತ್ರಿ."

"ಮಾಡಿ ಕೊಡ್ತೀನಿ ತಮ್ಮಾ. ಮಸಿಯಾಕ ಬರತೈತೇನು ನಿನಗ?"

ನಾನು ಸುಮ್ಮನಾದೆ. ಕಾಕಾ ಮೊದಲು ಕತ್ತಿ ಕೊಡಲಿಲ್ಲ, ಮಸೆಯೋ ಕಲ್ಲು ಕೊಟ್ಟರು. ಎರಡು ದಿನ ಅವರ ಕುಡುಗೋಲೇ ಮಸೆದೆ. ಆಮೇಲೆ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಸಿ ಬಡಿದು ಕತ್ತಿ ಮಾಡಿಕೊಟ್ಟರು. ಅದೇ ಎರಡನೇ ಫೋಟೋ.

ನೀವೂ ಕತ್ತಿ ಆರಿಸೋರಿದ್ರೆ ಇಷ್ಟು ನೋಡಿ:

▪️ ಅಲಗು: ಕಾರ್ಬನ್ ಸ್ಟೀಲ್ ತುಕ್ಕು ಹಿಡಿಯುತ್ತೆ, ಆದ್ರೆ ಸಣ್ಣ ಕಲ್ಲಿದ್ರೂ ಕಾಡಲ್ಲೇ ಚೂಪಾಗುತ್ತೆ. ರಾತ್ರಿ ಒರೆಸಿ ಕೊಬ್ಬರಿ ಎಣ್ಣೆ ಸವರಿ.
▪️ ಹಿಡಿಕೆ: ಕಟ್ಟಿಗೆಯದು, ತುದಿ ದಪ್ಪ ಇರಲಿ. ಕೈ ಒದ್ದೆ ಮಾಡಿಕೊಂಡೇ ಹಿಡಿದು ನೋಡಿ.
▪️ ಉದ್ದ: ಸಂಜೆ ಐದಕ್ಕೂ ಕೈ ಸೋಲದಷ್ಟು ಮಾತ್ರ. ಸೋತ ಕೈಯೇ ತಪ್ಪೋದು.
▪️ ಹಗ್ಗ, ಮಾದರಿಯ ಎಲೆ ಕತ್ತರಿಸೋಕೆ ಬೇರೆ ಸಣ್ಣ ಚಾಕು ಇರಲಿ.
▪️ ಬಿದಿರನ್ನ ಓರೆಯಾಗಿ ಕಡಿದು ಬಿಡಬೇಡಿ. ಉಳಿದ ಬುಡ ಈಟಿ ಇದ್ದಂಗೆ, ಹಿಂದೆ ಬರೋರ ಕಾಲಿಗೆ ನೆಡುತ್ತೆ.

ಇನ್ನೊಂದು ಮುಖ್ಯ ಮಾತು. 1972ರ ವನ್ಯಜೀವಿ ಕಾಯ್ದೆಯಲ್ಲಿ 'ಆಯುಧ' ಅಂದ್ರೆ ಚಾಕೂನೂ ಸೇರಿತು. ಅಭಯಾರಣ್ಯದೊಳಗೆ ಒಯ್ಯೋಕೆ ಲಿಖಿತ ಅನುಮತಿ ಬೇಕು. ನಮ್ಮ ಕಪ್ಪತಗುಡ್ಡವೂ 2019ರಿಂದ ವನ್ಯಜೀವಿಧಾಮ. ಊರ ಗುಡ್ಡ ತಾನೇ ಅಂತ ಸೊಂಟಕ್ಕೆ ಸಿಗಿಸಿಕೊಂಡು ಹೋಗಬೇಡಿ.

ಹೋದ ತಿಂಗಳು ತಂಡಕ್ಕೆ ಹೊಸ ಹುಡುಗ ಬಂದ. ಬ್ಯಾಗಿನಿಂದ ತೆಗೆದ ನೋಡಿ, ಅಂಥದ್ದೇ ಹೊಳೆಯೋ ಮಚೆಟಿ! ಬೈಯಲಿಲ್ಲ. ಪ್ಯಾಂಟ್ ಮಡಚಿ ಕಾಲು ತೋರಿಸಿದೆ. ಆಮೇಲೆ ಕಾಕಾನ ಕಲ್ಲು ಅವನ ಕೈಗೆ ಕೊಟ್ಟೆ.

ನಿಮ್ಮ ಕಡೆ ಕಾಡಿಗೆ, ತೋಟಕ್ಕೆ ಎಂಥ ಕತ್ತಿ ಒಯ್ತೀರಿ? ಅದಕ್ಕೆ ಏನಂತ ಕರೀತೀರಿ? ಕೆಳಗೆ ಬರೀರಿ.

#ಲಕ್ಕುಂಡಿ #ಕಾಡಿನಕೆಲಸ #ಕಪ್ಪತಗುಡ್ಡ